ಉಚ್ಚರಿಸದ ಸಕಾರ

ಶಿಡ್ಲಘಟ್ಟ, ರೇಷ್ಮೆ ತರಬೇತಿಯ ಹಾಜರಿ ಪುಸ್ತಕ.
ದೇಶ ಎಂಬ ಕಲಮಿನಡಿ ಲಾವೋಸ್ ಎಂದು ಬರೆದು
ಓದಿ ಹೇಳಿದೆ.
ಇದರಲ್ಲಿ ‘ಸ್’ ಯಾವುದು? ಬುವಾಖಾಮ್ ಕೇಳಿದಳು.
ತೋರಿಸಿದೆ. ಪೆನ್ನು ಇಸಿದುಕೊಂಡು
ಅದೊಂದರ ಮೇಲೆ ಗೀಟೆಳೆದಳು.

ಎಣಿಸಲು ಬಂದವರು ನಮ್ಮನ್ನು ಬಹುವಚನ ಮಾಡಿದರು,
ಆಗ ಅಂಟಿದ ಬಾಲ.
ತಮಾಷೆ ಏನೆಂದರೆ, ಅವರ ಬಾಯಲ್ಲೂ ಅದಕ್ಕೆ ಸದ್ದಿರಲಿಲ್ಲ.

ಗುಮಾಸ್ತ ಬಯ್ಯಣ್ಣ ಕನ್ನಡಕ ಏರಿಸಿ:
ವೀಸಾದಲ್ಲಿ ಇದ್ದಂಗೇ ಇರ್ಲಿ ಮೇಡಂ,
ಆಡಿಟ್ಟಿಗೆ ಉತ್ತರ ಕೊಡೋನು ನಾನು.
ಗೀಟಿನ ಪಕ್ಕಕ್ಕೆ ಇನ್ನೊಂದು ಸ್ ಕೂರಿಸಿದ.
ಆ ಹಾಳೆಯಲ್ಲಿ ಆ ಅಕ್ಷರ ಸತ್ತೂ ಇದೆ, ಬದುಕೂ ಇದೆ.

*

ಬಾಣಲೆಯಲ್ಲಿ ಗೂಡು ಕುದಿಯುತ್ತದೆ.
ರಹಮತ್‌ಬೀಯ ಬೆರಳಿಗೆ ಈಗ ಬಿಸಿ ತಿಳಿಯುವುದಿಲ್ಲ.
ಮೇಲಿನ ಸಿಕ್ಕನ್ನೆಲ್ಲ ಕಿತ್ತೆಸೆದು
ನಿಜವಾದ ತುದಿ ಹಿಡಿಯುತ್ತಾಳೆ.
ಅದೇ ನಿಜ ಅಂತ ಹೇಗೆ ಗೊತ್ತು?
ಕಡಿಯದೆ ಬರುತ್ತಲ್ಲ, ಅದಕ್ಕೇ.
ಎಂಟು ಗೂಡಿನ ಎಂಟು ಎಳೆ ಸೇರಿ ಒಂದು ನೂಲು;
ಮಾರುಕಟ್ಟೆಯಲ್ಲಿ ಅದಕ್ಕೆ ಒಂದೇ ಹೆಸರು, ಒಂದೇ ದರ.

ಬೆಂದ ಹುಳು ತಳದಲ್ಲಿ.
ಬುವಾಖಾಮ್ ಒಂದನ್ನು ಎತ್ತಿ, ಊದಿ, ಬಾಯಿಗಿಟ್ಟಳು.
ಯಾ ಅಲ್ಲಾ! ಎಂದಳು ರಹಮತ್‌ಬೀ.
ಆಮೇಲೆ ನಗು, ಇಬ್ಬರಿಗೂ, ಬಹಳ ಹೊತ್ತು.

*

ಅವಳ ಮನೆ ಜಗಲಿಯಿಂದ ನದಿ ಕಾಣುತ್ತದಂತೆ.
ಆಚೆ ದಡದಲ್ಲಿ ಸೋದರತ್ತೆ.
ಅದೇ ಮಾತು, ಅದೇ ಅಂಟಕ್ಕಿ,
ದೇಶ ಬೇರೆ, ಪಠ್ಯಪುಸ್ತಕ ಬೇರೆ.
ಇನ್ನೂರು ವರ್ಷದ ಹಿಂದೆ ಒಬ್ಬ ದೊರೆ:
ಈಚೆಗೆ, ಬಿಡುಗಡೆಗೆ ಹೋರಾಡಿದವನು,
ಆಚೆಗೆ, ಉಂಡ ಮನೆಗೆ ಎರಡು ಬಗೆದವನು.
ಸುಟ್ಟ ಊರಿನ ಬೂದಿ
ಯಾವ ಪುಟಕ್ಕೂ ಮೆತ್ತಿಕೊಳ್ಳಲಿಲ್ಲ.
ನಿನಗೆ ಯಾರು ಅವನು?
ಪರೀಕ್ಷೆಯಲ್ಲಿ ವೀರ, ಅಂದಳು,
ಅತ್ತೆ ಮನೆಯಲ್ಲಿ ಊಟದ ಹೊತ್ತಿಗೆ ಅವನ ಸುದ್ದಿ ಎತ್ತುವುದಿಲ್ಲ.

ಪಥೇತ್ ಲಾವೋ, ನಾವು ಅನ್ನುವುದು ಹೀಗೆ.
ಬಸ್ ಸ್ಟ್ಯಾಂಡ್ ದಾಟಿದ ಮೇಲೆ ಹೊಳೆಯಿತು ನನಗೆ:
ಪ್ರದೇಶ!
ನಮ್ಮ ಕಡೆಯಿಂದ ಹೋದ ಮಾತು ಎನ್ನಲು ಬಾಯಿ ತೆರೆದೆ.
ಈ ‘ನಮ್ಮ’ದ ಬೆನ್ನಿಗೆ ಯಾರು ಏನೇನು ಅಂಟಿಸಿದ್ದಾರೋ,
ಮುಚ್ಚಿದೆ.

*

ಭಾನುವಾರ ಕೆರೆ ಏರಿಯ ವೀರಗಲ್ಲು ತೋರಿಸಿದೆ.
ಕೆಳಗೆ ದನ, ನಡುವೆ ಬಿಲ್ಲು, ಮೇಲೆ ಅಪ್ಸರೆಯರು.
‘ತುರುವಂ ಮಗುಳ್ಚಿ’, ಆಮೇಲೆ ಚಕ್ಕೆ ಎದ್ದಿದೆ,
ಕೊನೆಗೆ ‘ಸತ್ತಂ’.
ಯಾರು?
ಆ ಜಾಗವೇ ಒಡೆದಿರುವುದು.
ಯಾರ ದನ?
ನಮ್ಮವು. ಅಂದರೆ, ಕಲ್ಲು ನೆಟ್ಟವರವು.
ಹೊಡೆದುಕೊಂಡು ಹೋದವರ ಊರಲ್ಲೂ ಕಲ್ಲಿದೆಯೇ?

ಹತ್ತು ವರ್ಷದಿಂದ ಬಂದವರಿಗೆಲ್ಲ ತೋರಿಸಿದ್ದೇನೆ,
ಯಾರೂ ಇದನ್ನು ಕೇಳಿರಲಿಲ್ಲ.
ಬಟ್ಟೆ ಒಗೆಯುತ್ತಿದ್ದ ದ್ಯಾವಮ್ಮ ತೆಲುಗಿನಲ್ಲಿ ಗದರಿದಳು:
ಪಕ್ಕಕ್ಕೆ ಜರುಗಿ, ಸೀರೆ ಹರವಬೇಕು.
ಒದ್ದೆ ಸೀರೆ ಅಪ್ಸರೆಯರ ಮೇಲೆ,
ದನದ ಮೇಲೆ, ‘ಸತ್ತಂ’ ಮೇಲೆ.
ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು.

*

ಅವಳು ಹೋಗಿ ಮೂರು ತಿಂಗಳು.
ನಿನ್ನೆ ಎಣಿಸುವ ಹುಡುಗಿಯೊಬ್ಬಳು ಬಾಗಿಲಿಗೆ ಬಂದಳು.
ಮಾತೃಭಾಷೆ?
ಅವ್ವ ಬೈದದ್ದು ತೆಲುಗಿನಲ್ಲಿ,
ಮಗ್ಗಿ ಬಾಯಿಪಾಠ ಮಾಡಿಸಿದ್ದು ಕನ್ನಡದಲ್ಲಿ.
ಹೋಗುವ ರಾತ್ರಿ ‘ನೀ’ ಅಂದಳು.
ನೀರು ಅನ್ನಲಿದ್ದಳೋ, ನೀಳ್ಳು ಅನ್ನಲಿದ್ದಳೋ,
ಅಥವಾ ಬರೀ ನನ್ನನ್ನೇ ಕರೆದಳೋ,
ಮುಂದಿನ ಅಕ್ಷರ ಬರಲಿಲ್ಲ.
ಎರಡು ಚಮಚ ಹನಿಸಿದೆ.

ಬೇಗ ಹೇಳಿ, ಅಂದಳು ಹುಡುಗಿ,
ಈ ಬೀದಿಯಲ್ಲಿ ಇನ್ನೂ ಹದಿನಾಲ್ಕು ಮನೆ ಇದೆ.